ಅಪ್‌ಡೇಟ್: ಮುತ್ಯಾನ ಪೆಟ್ಟಿಗೆಯ ಹಳೆ ನೋಟುಗಳು

ಹೋದ ತಿಂಗಳು ಕೇಳಿದ್ದೆ: ಮುತ್ಯಾನ ಟ್ರಂಕಿನಲ್ಲಿ ಉರ್ದು ಬರಹದ ನಾಲ್ಕು ನೋಟು ಸಿಕ್ಕಿವೆ, ಏನಿವು, ಬೆಲೆ ಎಷ್ಟು ಅಂತ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ್ದು ಸರಿ. ಇವು ನಿಜಾಮರ ಕಾಲದ ಉಸ್ಮಾನಿಯಾ ಸಿಕ್ಕಾ (ಆಗಿನ ಹೈದರಾಬಾದ್ ರೂಪಾಯಿ) ನೋಟುಗಳು. ಹೈದರಾಬಾದ್ ಸಂಸ್ಥಾನ 1918ರಿಂದ ಸ್ವಂತ ನೋಟು ಹೊರಡಿಸುತ್ತಿತ್ತು. ನಮ್ಮ ಕಲಬುರಗಿಯೂ ಅದರಲ್ಲೇ ಇತ್ತಲ್ವಾ, ಹಾಗಾಗಿ ನೋಟಿನ ಮೇಲೆ ಕನ್ನಡದಲ್ಲೂ ಬೆಲೆ ಬರೆದಿದೆ! ಇಷ್ಟು ದಿನ ಅದನ್ನು ಗಮನಿಸಿಯೇ ಇರಲಿಲ್ಲ. ಆಗ ಇಲ್ಲಿನ 7 ರೂಪಾಯಿಗೆ ಬ್ರಿಟಿಷ್ ಇಂಡಿಯಾದ 6 ರೂಪಾಯಿ ಸಿಗುತ್ತಿತ್ತಂತೆ.

ಸೂಪರ್ ಮಾರ್ಕೆಟ್ ಹತ್ತಿರ ಹಳೆ ನೋಟುಗಳ ವಿಷಯ ಬಲ್ಲ ಪರಿಚಯದ ಕಾಕಾ ಒಬ್ಬರಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಸಹಿ. ಸಹಿ ಹಾಕಿದ ಹಣಕಾಸು ಮಂತ್ರಿ ಬದಲಾದರೆ ಬೆಲೆಯೂ ಬದಲಾಗುತ್ತದೆ. ಆಮೇಲೆ ಬೆಳಕಿಗೆ ಹಿಡಿದು ಮಡಿಕೆ, ಪಿನ್ನಿನ ತೂತು, ಅಂಚು ನೋಡಿದರು. "ಇದಕ್ಕೆ ಟೇಪ್ ಯಾರು ಹಚ್ಯಾರಪ್ಪಾ?" ಅಂದರು. ನಾನೇ. ಒಳ್ಳೆಯದಾಗಲಿ ಅಂತ ಸುಮ್ನೆ ಹಚ್ಚಿದ್ದೆ. ಆ ನೋಟಿಗೆ ಬೆಲೆ ಅರ್ಧಕ್ಕೂ ಕಡಿಮೆ ಹೇಳಿದರು. ಇಸ್ತ್ರಿ ಮಾಡಬೇಡ, ತೊಳೆಯಬೇಡ ಅಂತಲೂ ಎಚ್ಚರಿಸಿದರು.

ಇನ್ನೊಂದು. ಫೋಟೋ ಹಾಕಿದ ಮೇಲೆ ಒಬ್ಬ ಫೋನ್ ಮಾಡಿ, ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಲಕ್ಷಗಟ್ಟಲೆ ಕೊಡಿಸುತ್ತೇನೆ, ಮೊದಲು ಟ್ಯಾಕ್ಸ್ ಕಟ್ಟಿ ಅಂದ. ಕಟ್ ಮಾಡಿದೆ. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಸದ್ಯಕ್ಕೆ ಮಾರುತ್ತಿಲ್ಲ. ಅವ್ವ ಬೇಡ ಅಂದಳು.