ದಿನಗಟ್ಟಲೆ ಕರೆಂಟಿಲ್ಲದ ಗಾಳಿಮಳೆಯಲ್ಲಿ ಮನೆಯ ನೀರು ಮತ್ತು ಶೌಚಾಲಯದ ಶುಚಿತ್ವ ಕಾಪಾಡುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಸಮೀಪದಿಂದ):

ಆಷಾಢದ ಗಾಳಿಗೆ ಮರ ಬಿದ್ದು ತಂತಿ ತುಂಡಾದರೆ ನಮ್ಮಲ್ಲಿ ನಾಲ್ಕಾರು ದಿನ ಕರೆಂಟ್ ಬರುವುದಿಲ್ಲ. ಬೋರ್‌ವೆಲ್ ಪಂಪು ಓಡದೆ ಟ್ಯಾಂಕು ಖಾಲಿಯಾಗುತ್ತದೆ, ಕುಡಿಯುವ ನೀರಿನ ಫಿಲ್ಟರ್ ಯಂತ್ರವೂ ನಿಲ್ಲುತ್ತದೆ. ಹಳೆಯ ತೆರೆದ ಬಾವಿಯಲ್ಲಿ ನೀರು ಬೇಕಾದಷ್ಟಿದೆ, ಆದರೆ ಈ ಬಾರಿ ಗದ್ದೆಯ ಕೆಂಪು ನೀರು ಬಾವಿಕಟ್ಟೆಯನ್ನು ದಾಟಿ ಒಳಗಿಳಿದಿದೆ. ಮನೆಯಲ್ಲಿ ವಯಸ್ಸಾದ ಅತ್ತೆಯವರೂ ಎಂಟು ತಿಂಗಳ ಮಗುವೂ ಇದ್ದಾರೆ. ಈ ನೀರನ್ನು ಯಾವುದಕ್ಕೆಲ್ಲ ಬಳಸಬಹುದು? ಶೌಚಾಲಯದ ಗುಂಡಿಯೂ ತುಂಬಿದಂತಿದೆ, ನೀರು ಸರಾಗವಾಗಿ ಇಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಉಡುಪಿ ಜಿಲ್ಲೆಯ ಆರೋಗ್ಯ ಕಾರ್ಯಕರ್ತೆ):

ಮೊದಲು ನೀರನ್ನು ಎರಡು ಪಾಲು ಮಾಡಿಕೊಳ್ಳಿ. ಕುಡಿಯಲು, ಅಡುಗೆಗೆ, ಪಾತ್ರೆಯನ್ನು ಕೊನೆಯ ಬಾರಿ ತೊಳೆಯಲು ಮತ್ತು ಕೈತೊಳೆಯಲು ಒಳ್ಳೆಯ ನೀರೇ ಬೇಕು; ಶೌಚಾಲಯಕ್ಕೆ ಹಾಗೂ ಅಂಗಳ ತೊಳೆಯಲು ಬಾವಿಯ ಬಗ್ಗಡ ನೀರು ಸಾಕು. ಹೆಂಚಿನ ಮೇಲಿನ ಕಸವೆಲ್ಲ ಕೊಚ್ಚಿಹೋಗುವಷ್ಟು ಮಳೆ ಸುರಿದ ಬಳಿಕ ಹಿಡಿದ ನೀರು ಬಟ್ಟೆ ಒಗೆಯಲು ಆಗುತ್ತದೆ. ಕುಡಿಯಲು ಬೇರೆ ನೀರಿಲ್ಲವೆಂದಾದರೆ ಆ ಮಳೆನೀರನ್ನೇ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆಯ ಒಗೆದ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಕೆಲವು ನಿಮಿಷ ಒಲೆಯ ಮೇಲಿಟ್ಟು ಇಳಿಸಿ. ಮಗುವಿಗೆ ಕೊಡುವುದು ಕುದಿಸಿ ಆರಿಸಿದ ನೀರೇ ಆಗಿರಲಿ.

ನಾನು ಭೇಟಿ ನೀಡುವ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಲೋಪ ಇದರ ನಂತರದ್ದು. ಕಷ್ಟಪಟ್ಟು ಕುದಿಸಿದ ನೀರಿನ ಕೊಡಕ್ಕೆ ಲೋಟವನ್ನು ಬೆರಳು ಸಮೇತ ಅದ್ದುತ್ತಾರೆ. ನಲ್ಲಿಯಿರುವ ಪಾತ್ರೆಯಲ್ಲಿ ನೀರಿಡಿ, ಇಲ್ಲವೇ ಉದ್ದ ಹಿಡಿಯ ಸೌಟನ್ನು ಅದಕ್ಕೆಂದೇ ಮೀಸಲಿಡಿ. ಕೈತೊಳೆಯುವಾಗ ಒಬ್ಬರು ತಂಬಿಗೆಯಿಂದ ನೀರು ಸುರಿದರೆ ಸ್ವಲ್ಪ ನೀರಿನಲ್ಲೇ ಕೆಲಸ ಮುಗಿಯುತ್ತದೆ. ಸೋಪು ಮಾತ್ರ ತಪ್ಪಿಸಬೇಡಿ, ಅದರಲ್ಲೂ ಮಗುವಿನ ಮಲ ತೊಳೆದ ಬಳಿಕ ಮತ್ತು ಊಟ ಬಡಿಸುವ ಮೊದಲು.

ಬಾವಿಯ ವಿಚಾರ. ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂಬುದು ಲೆಕ್ಕ. ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 4 ಮೀಟರ್ ಇದ್ದರೆ ಹೆಚ್ಚುಕಡಿಮೆ 12,500 ಲೀಟರ್ ನೀರು, ಅಂದರೆ 31 ಗ್ರಾಂ ಪುಡಿ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡದಿಂದ ಚೆನ್ನಾಗಿ ಕಲಕಬೇಕು, ಗಸಿಯನ್ನು ಹಾಕಬಾರದು. ಬಳಿಕ ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ನಿಮ್ಮ ಬಾವಿಗೆ ಹೊರಗಿನ ನೀರು ನುಗ್ಗಿರುವುದರಿಂದ ಈ ಪ್ರಮಾಣ ಸಾಲದು. ಮಳೆ ನಿಂತ ಮೇಲೆ ಬಾವಿಯನ್ನು ಶುಚಿಗೊಳಿಸಿ, ಆಶಾ ಕಾರ್ಯಕರ್ತೆಯರ ಅಥವಾ ಪಂಚಾಯಿತಿಯವರ ಮೂಲಕ ನೀರನ್ನು ಪರೀಕ್ಷಿಸಿಕೊಳ್ಳಿ. ಅಲ್ಲಿಯವರೆಗೆ ಅದನ್ನು ಕುಡಿಯಬೇಡಿ.

ಉತ್ತರ 2 (ಶೃಂಗೇರಿ ಕಡೆಯ ಅಡಿಕೆ ಬೆಳೆಗಾರ):

ನಮ್ಮ ಹಿರಿಯರು ಬಗ್ಗಡ ನೀರಿಗೆ ಪಟಿಕ ತಿರುಗಿಸುತ್ತಿದ್ದರು, ಕೆಸರು ಬೇಗ ತಳ ಸೇರುತ್ತದೆ. ಗುಂಡಿಯ ಬಗ್ಗೆ ಹೇಳುವುದಾದರೆ, ಮಳೆಗಾಲದಲ್ಲಿ ಸುತ್ತಲಿನ ಮಣ್ಣೇ ನೀರು ಕುಡಿದಿರುವುದರಿಂದ ಅದು ಇಂಗುವುದಿಲ್ಲ. ಬಚ್ಚಲಿನ ನೀರು ಅದೇ ಗುಂಡಿಗೆ ಹೋಗುತ್ತಿದ್ದರೆ ಈಗಲೇ ತೋಟದ ಕಡೆಗೆ ತಿರುಗಿಸಿ. ಮಗ್ಗಿನಲ್ಲಿ ಹತ್ತು ಬಾರಿ ಹಾಕುವ ಬದಲು ಅರ್ಧ ಬಕೆಟ್ ನೀರನ್ನು ಒಮ್ಮೆಲೇ ರಭಸದಿಂದ ಸುರಿದರೆ ಕಡಿಮೆ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಮಳೆಯಲ್ಲಿ ಗುಂಡಿಯ ಮುಚ್ಚಳ ತೆಗೆದು ಹೊರಹಾಕಿಸಲು ಮಾತ್ರ ಹೋಗಬೇಡಿ, ಅದೆಲ್ಲ ಹರಿದು ಅಕ್ಕಪಕ್ಕದವರ ಬಾವಿಯನ್ನೂ ಸೇರುತ್ತದೆ.

ಉತ್ತರ 3 (ಉಡುಪಿ ಜಿಲ್ಲೆಯ ಆರೋಗ್ಯ ಕಾರ್ಯಕರ್ತೆ):

ಮೇಲಿನವರು ಗುಂಡಿಯ ಬಗ್ಗೆ ಹೇಳಿದ್ದೆಲ್ಲವೂ ಸರಿ. ಪಟಿಕ ಕೆಸರನ್ನು ಇಳಿಸುತ್ತದೆಯಾದರೂ ಅದರಿಂದ ನೀರು ಕುಡಿಯಲು ಯೋಗ್ಯವಾಗುವುದಿಲ್ಲವಾದ್ದರಿಂದ ಆಮೇಲೆ ಕುದಿಸಲೇಬೇಕು. ಇನ್ನೊಂದು ಎಚ್ಚರಿಕೆ: ಶೌಚಾಲಯ ತೊಳೆಯುವ ಆಸಿಡ್ ಜೊತೆ ಬ್ಲೀಚಿಂಗ್ ಪೌಡರನ್ನು ಎಂದೂ ಸೇರಿಸಬೇಡಿ, ಅದರಿಂದ ಏಳುವ ವಿಷಾನಿಲ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಅಂಗಳದ ಕೆಸರಿಗೆ ಬರಿಗಾಲಿನಲ್ಲಿ ಇಳಿಯಬೇಡಿ, ಕಾಲಿನಲ್ಲಿ ಗಾಯವಿದ್ದರಂತೂ ಗಂಬೂಟು ಬೇಕೇ ಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಜ್ವರದೊಂದಿಗೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೆಸರಿಗೆ ಇಳಿದದ್ದನ್ನು ತಪ್ಪದೆ ವೈದ್ಯರಿಗೆ ತಿಳಿಸಿ.

ಉತ್ತರ 4 (ಮಡಿಕೇರಿಯಿಂದ):

2018ರ ಆಗಸ್ಟ್ ಮಳೆಯನ್ನು ಕಂಡವಳಾಗಿ ಎರಡು ಮಾತು ಸೇರಿಸುತ್ತೇನೆ. ಮುಟ್ಟಿನ ಬಟ್ಟೆ ಮತ್ತು ಮಗುವಿನ ಲಂಗೋಟಿ ಬಿಸಿಲಿಲ್ಲದೆ ಅರೆಒಣಗಿದ್ದರೆ ಬಳಸಬೇಡಿ. ಬಚ್ಚಲೊಲೆಯ ಬಿಸಿಗೆ ಪೂರ್ತಿ ಒಣಗಿಸಿ ಅಥವಾ ಮಳೆಗಾಲಕ್ಕೆ ಮೊದಲೇ ಪ್ಯಾಡ್‌ಗಳನ್ನು ತಂದಿಟ್ಟುಕೊಳ್ಳಿ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೂ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಮಾತ್ರ ಉಳಿಯುತ್ತದೆ, ಆದುದರಿಂದ ಹಾಲು, ಮೀನು, ಉಳಿದ ಸಾರನ್ನು ಮರುದಿನಕ್ಕೆ ಇಟ್ಟುಕೊಳ್ಳದೆ ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡಿ. ಮಗುವಿಗೆ ಭೇದಿ ಶುರುವಾದರೆ ಕೊಡಲು ಓಆರ್‌ಎಸ್ ಪೊಟ್ಟಣಗಳು ಮನೆಯಲ್ಲಿರಲಿ, ಎದೆಹಾಲನ್ನು ನಿಲ್ಲಿಸಬೇಡಿ, ರಸ್ತೆ ಬಂದ್ ಆಗುವ ಮೊದಲೇ ಆಸ್ಪತ್ರೆಗೆ ಹೊರಡಿ.