ಅಪ್‌ಡೇಟ್: ಹಂದಿಮಾಂಸವಿಲ್ಲದ ಹಾಪಿನ್ ಜಾನ್

ಜನವರಿ 1ಕ್ಕೆ ಅಟ್ಲಾಂಟಾದ ನಮ್ಮ ಮನೆಗೆ ನೆರೆಮನೆಯ ಹಿರಿಯರನ್ನು ಊಟಕ್ಕೆ ಕರೆದಿದ್ದೇನೆ, ಅಮೆರಿಕದ ದಕ್ಷಿಣದವರು ಹೊಸ ವರ್ಷದ ದಿನ ಅದೃಷ್ಟಕ್ಕೆಂದು ತಿನ್ನುವ ಹಾಪಿನ್ ಜಾನ್ ಎಂಬ ಅಲಸಂದೆ-ಅಕ್ಕಿಯ ಅಡುಗೆಯನ್ನು ಹಂದಿಮಾಂಸವಿಲ್ಲದೆ ಮಾಡುವುದು ಹೇಗೆ ಎಂದು ನಿಮ್ಮನ್ನು ಕೇಳಿದ್ದೆ. ಮಾಡಿದೆ, ಮರ್ಯಾದೆ ಉಳಿಯಿತು.

ಕುಕ್ಕರ್ ಬೇಡ ಎಂದು ಎಚ್ಚರಿಸಿದ್ದಿರಿ. ನಾನು ಕೇಳಲಿಲ್ಲ. ರಾತ್ರಿ ನೆನೆಸಿದ್ದ ಅಲಸಂದೆ ಕಾಳು ಮೂರು ಸೀಟಿಗೆ ಮುದ್ದೆಯಾಯಿತು. ಎರಡನೆಯ ಸಲ ನೆನೆಸದ ಕಾಳನ್ನೇ ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿದೆ. ಕಪ್ಪು ಕಣ್ಣು ಹಾಗೇ ಉಳಿದು, ಒತ್ತಿದರೆ ಬೆಣ್ಣೆಯಂತೆ ಕರಗುತ್ತಿತ್ತು. ಈರುಳ್ಳಿ, ಸೆಲರಿ, ದೊಣ್ಣೆಮೆಣಸಿನಕಾಯಿ ಹುರಿದು ಹಾಕಿದೆ. ಹೊಗೆಯ ಘಮಕ್ಕೆ ಸ್ಮೋಕ್ಡ್ ಪಾಪ್ರಿಕಾ, ಅಂದರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ. ಅಕ್ಕಿಯೂ ಅದೇ ಕಟ್ಟಿನಲ್ಲಿ ಬೆಂದಿತು.

ಜೊತೆಗೆ ಕೋಸಿನ ಜಾತಿಯ ಕೊಲಾರ್ಡ್ ಸೊಪ್ಪು: ದಂಟು ತೆಗೆದು ಬೇಯಿಸಿ, ಕೊನೆಗೆ ವಿನೆಗರ್ ಹಾಕಿದೆ. ಬ್ರೆಡ್ಡಿಗೆಂದು ಕಾದ ಕಬ್ಬಿಣದ ಬಾಣಲೆಗೆ ಮೆಕ್ಕೆಜೋಳದ ಹಿಟ್ಟು ಸುರಿದಾಗ ಚುಂಯ್ ಎಂದದ್ದು ನಮ್ಮ ದೋಸೆಯ ಸದ್ದೇ.

ಕಾಳು ನಾಣ್ಯ, ಸೊಪ್ಪು ನೋಟು, ಮೆಕ್ಕೆಜೋಳದ ಬ್ರೆಡ್ ಚಿನ್ನ ಎನ್ನುತ್ತಾರೆ ಇಲ್ಲಿ. ನೆರೆಮನೆಯ ಅಜ್ಜಿ ಎರಡು ಸಲ ಸೊಪ್ಪು ಬಡಿಸಿಕೊಂಡರು, “ನೋಟು ಸಾಲದು” ಎಂದು. ಉಳಿದದ್ದಕ್ಕೆ ಮರುದಿನ ಸ್ಕಿಪ್ಪಿನ್ ಜೆನ್ನಿ ಎಂಬ ಹೆಸರಂತೆ. ನಾನು ಅದಕ್ಕೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟೆ. ಅಜ್ಜಿಗೆ ಹೇಳಿಲ್ಲ.