ಭೀಮೇಶ್ವರಿಯಲ್ಲಿ ಕಂಡದ್ದು ಕೆಂದಳಿಲೋ, ಬೂದು ದೊಡ್ಡಳಿಲೋ?

ಜಯನಗರದ ಹೊಸಬ:
ಕಾವೇರಿ ದಡದ ಮರದಲ್ಲಿ ತೆಗೆದ ಫೋಟೊ ಇದೆ. ಉದ್ದ ಬಾಲ, ಬೆಕ್ಕಿನಷ್ಟು ಗಾತ್ರ. ಹಿಂದೆ ಬಿಳಿ ಆಕಾಶ ಇದ್ದಿದ್ದರಿಂದ ಮೈ ಪೂರ್ತಿ ಕಪ್ಪಾಗಿ ಬಂದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಗುವ ಕೆಂದಳಿಲೇ ಇದು ಅಂದುಕೊಳ್ಳಬಹುದೇ?

ಹೊಳೆಮತ್ತಿ:
ಅಂದುಕೊಳ್ಳಬೇಡಿ. ಮುತ್ತತ್ತಿ, ಭೀಮೇಶ್ವರಿ ಕಡೆ ಹೊಳೆಬದಿಯಲ್ಲಿ ಇರೋದು ಹೆಚ್ಚಾಗಿ ಬೂದು ದೊಡ್ಡಳಿಲು, ವೈಜ್ಞಾನಿಕ ಹೆಸರು ರಟೂಫಾ ಮ್ಯಾಕ್ರೂರಾ. ಕೆಂದಳಿಲು ರಟೂಫಾ ಇಂಡಿಕಾ. ಎರಡೂ ಒಂದೇ ಕುಲದವು, ಆದರೆ ನಮ್ಮ ದೇಶದ ದೊಡ್ಡಳಿಲುಗಳಲ್ಲಿ ಬೂದಿನದೇ ಚಿಕ್ಕದು. ಮೂವತ್ತಡಿ ಎತ್ತರದಲ್ಲಿ ಕೂತಿದ್ದರೆ ಗಾತ್ರದ ಲೆಕ್ಕ ಉಪಯೋಗಕ್ಕೆ ಬರಲ್ಲ, ಬೆನ್ನು ನೋಡಿ. ಕೆಂದಳಿಲಿಗೆ ಗಾಢ ಕೆಂಗಂದು, ನಮ್ಮ ಕಡೆಯವಕ್ಕೆ ಭುಜ ಮತ್ತು ಸೊಂಟದ ಹತ್ತಿರ ಕಪ್ಪು, ಹೊಟ್ಟೆ ಕೆನೆಬಣ್ಣ. ಬೂದಿನದಕ್ಕೆ ಬೆನ್ನಿನ ಮೇಲೂ ಬಾಲದ ಮೇಲೂ ನರೆತ ಕೂದಲು: ಬೂದುಗಂದಿನ ಮೇಲೆ ಬಿಳಿ ಪುಡಿ ಉದುರಿಸಿದ ಹಾಗೆ. ನೆತ್ತಿ ಮಾತ್ರ ಕಪ್ಪು.

ಬಾಲದ ಬಣ್ಣವೊಂದನ್ನೇ ನೋಡಿ ಕೆಂದಳಿಲು ಅನ್ನಬೇಡಿ. ಅದು ಊರಿಂದ ಊರಿಗೆ ಬದಲಾಗುತ್ತೆ.

ಜಯನಗರದ ಹೊಸಬ:
ಮರದಲ್ಲಿ ಗೂಡೂ ಇತ್ತು, ಎಲೆ-ಕಡ್ಡಿಯ ಉಂಡೆ. ಅದರಿಂದ ಗೊತ್ತಾಗುತ್ತಾ?

ಹೊಳೆಮತ್ತಿ:
ಇಲ್ಲ, ಎರಡೂ ಅಂಥದ್ದೇ ಕಟ್ಟುತ್ತವೆ, ಒಂದೇ ಅಳಿಲು ಹಲವು ಗೂಡು ಇಟ್ಟುಕೊಳ್ಳುತ್ತೆ. ಮರ ಯಾವುದು ಅಂತ ಬರೆದಿಡಿ. ಬೂದಿನದು ಹೊಳೆಮತ್ತಿ, ಹುಣಸೆ ಮರಗಳ ನೆತ್ತಿ ಒಂದಕ್ಕೊಂದು ತಾಗುವ ಸಾಲನ್ನು ಬಿಟ್ಟು ಹೋಗೋದು ಕಡಿಮೆ. ನಡುವೆ ಮರ ಬಿದ್ದರೆ ನೆಲಕ್ಕೆ ಇಳಿಯಬೇಕಾಗುತ್ತೆ, ಅಲ್ಲೇ ನಾಯಿ ಹಿಡಿಯೋದು. ಹಾಗಂತ ಜಾಗ ಬರೀ ಸುಳಿವು, ಗುರುತಲ್ಲ.

ಬೈನಾಕ್ಯುಲರ್:
ಫೋಟೊ ಕಪ್ಪಾಗೋದಕ್ಕೆ ಕ್ಯಾಮೆರಾ ಆಕಾಶಕ್ಕೆ ಬೆಳಕು ಅಳೆಯೋದು ಕಾರಣ. ಸ್ಪಾಟ್ ಮೀಟರಿಂಗ್ ಇಡಿ (ಅಳಿಲಿನ ಮೇಲಷ್ಟೇ ಬೆಳಕು ಅಳೆಯುತ್ತೆ), ಬೆಳಕು ಹೆಚ್ಚಿಸಲು ಎಕ್ಸ್‌ಪೋಶರ್ +1ರಿಂದ +1.3, ರಾ ಫೈಲ್ (ಕ್ಯಾಮೆರಾ ಹಿಡಿದದ್ದನ್ನು ಕುಗ್ಗಿಸದೆ ಉಳಿಸುವ ಫೈಲ್). ಆಕಾಶ ಬೆಳ್ಳಗೆ ಸುಟ್ಟರೂ ಪರವಾಗಿಲ್ಲ, ಬೇಕಾದ್ದು ಕೂದಲಿನ ಬಣ್ಣ. ಈಗಿರೋದು ರಾ ಆಗಿದ್ದರೆ ಎಡಿಟಿಂಗ್‌ನಲ್ಲಿ ಕಪ್ಪು ಭಾಗವನ್ನು ಬೆಳಗಿಸಿ ನೋಡಿ, ಕೆಂಪು ಛಾಯೆ ಇದ್ದರೆ ಸ್ವಲ್ಪವಾದರೂ ಕಾಣುತ್ತೆ. ಜೇಪೆಗ್ ಆದರೆ ಹೆಚ್ಚು ಆಸೆ ಬೇಡ.

ಬೆಳಿಗ್ಗೆ ಅಥವಾ ಇಳಿಹೊತ್ತು ಹೋಗಿ, ಮಧ್ಯಾಹ್ನ ಮಲಗಿರುತ್ತೆ. ಹೆದರಿದರೆ ಕೊಂಬೆಗೆ ಅಂಟಿಕೊಂಡು ಅಲುಗಾಡಲ್ಲ. ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಬೆನ್ನು ಇನ್ನೂ ಮರೆಯಾಗುತ್ತೆ. ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ, ತಾನೇ ಹೊರಳುತ್ತೆ.